ಅಡುಗೆಮನೆಯ ರೇಸ್ ಎಂಜಿನ್

ನನ್ನ ತಮ್ಮ ಉದಯನಿಗೆ ನಲವತ್ತೊಂದು. ಹಿರೇಗುತ್ತಿಯ ಮನೆಯಲ್ಲಿ ನಾನೂ ಅವನೂ ಇಬ್ಬರೇ. ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ಓಡಿಸುವ ಹುಡುಗರು ಭಟ್ಕಳದಿಂದಲೂ ಎಂಜಿನ್ ಹೊತ್ತುಕೊಂಡು ಇವನನ್ನು ಹುಡುಕಿ ಬರುತ್ತಿದ್ದ ಕಾಲವೊಂದಿತ್ತು. ಜೋಡಿಸುವ ಮೊದಲು ಕಣ್ಣು ಮುಚ್ಚಿ, ಒಂದೊಂದು ಭಾಗವನ್ನೂ ಬೆರಳ ತುದಿಯಿಂದ ಸವರಿ ನೋಡುವುದು ಇವನ ಪದ್ಧತಿ. ಕೂದಲೆಳೆಯಷ್ಟು ಗೀರಿದ್ದರೂ ಬೆರಳು ಅಲ್ಲೇ ನಿಲ್ಲುತ್ತಿತ್ತು.

ಎರಡು ವರ್ಷದ ಹಿಂದೆ ಪೆಟ್ರೋಲಿಗೆ ಬೆಂಕಿ ಹತ್ತಿ ಅವನ ಎರಡೂ ಕೈ ಬೆಂದವು. ಗಾಯ ಮಾಯಿತು, ಬೆರಳ ತುದಿಗೆ ಜೋಮು ಉಳಿಯಿತು. ಸುದ್ದಿ ಹಬ್ಬಿದ್ದೇ ತಡ, ಒಬ್ಬ ಪುಣ್ಯಾತ್ಮನೂ ಇತ್ತ ತಲೆ ಹಾಕಲಿಲ್ಲ. ಅಷ್ಟು ವರ್ಷ ನನ್ನ ಕೈಯ ಚಾ ಕುಡಿದ ಮುಖಗಳವು, ಥೂ!

"ಜೋಮು ಇಳೀತಾ ಬಂತು ಅಕ್ಕ" ಎನ್ನುತ್ತ ಈ ವರ್ಷ ತನ್ನದೇ ಹಳೆಯ ರೇಸ್ ಬೈಕಿನ ಜಾಮ್ ಆದ ಎಂಜಿನ್ ಬಿಚ್ಚಿ ನನ್ನ ಅಡುಗೆಮನೆಯ ನೆಲದ ಮೇಲೆ ಹರವಿದ. ಕಾಲಿಡಲೂ ಜಾಗವಿಲ್ಲ. ನಾನು ಬೈದೆ. ಅವನು ತಲೆ ಎತ್ತಲಿಲ್ಲ.

"ಇದು ಓಡ್ತು ಅಂದ್ರೆ ನನ್ನ ಕೈ ವಾಪಸ್ ಬಂತು. ಓಡ್ಲಿಲ್ಲ ಅಂದ್ರೆ ಇನ್ನು ಸ್ಪ್ಯಾನರ್ ಮುಟ್ಟೂದಿಲ್ಲ" ಎಂದ.

ಬಿರುಕು ಬಿಟ್ಟಿದ್ದ ಎಂಜಿನ್ ಕವಚಕ್ಕೆ ಕುಮಟೆಯಲ್ಲಿ ವೆಲ್ಡಿಂಗ್ ಆಯಿತು. ಸಿಲಿಂಡರ್ ಕೊರೆಸಲು ಹೊನ್ನಾವರಕ್ಕೆ ಹೋಗುವ ದಿನ, "ಅಕ್ಕ, ಈ ಕವಚನ ಪೆಟ್ರೋಲಲ್ಲೇ ತೊಳೆದಿಡು, ಬೇರೆ ಎಂತದೂ ಹಾಕ್ಬೇಡ" ಎಂದು ಹೇಳಿ ಹೋದ.

ಪೆಟ್ರೋಲ್! ಅದೇ ಅಲ್ಲವೇ ಅವನ ಕೈ ಸುಟ್ಟದ್ದು? ಆ ಡಬ್ಬಿಯ ಮುಚ್ಚಳ ತೆಗೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಒಲೆಯ ಬೂದಿ, ತೆಂಗಿನ ನಾರು ತೆಗೆದುಕೊಂಡು ಹಂಡೆ ತಿಕ್ಕಿದ ಹಾಗೆ ತಿಕ್ಕಿದೆ. ಬೆಳ್ಳಿಯ ಹಾಗೆ ಹೊಳೆಯಿತು. ನೀರು ಹೊಯ್ದು ಬಿಸಿಲಿಗಿಟ್ಟೆ.

"ಪೆಟ್ರೋಲಲ್ಲೇ ತೊಳೆದ್ಯಲ್ಲ?" ಎಂದು ಬಂದವನೇ ಕೇಳಿದ.

"ಹೂಂ ಮಾರಾಯ" ಎಂದೆ.

ಬೇರಿಂಗ್ ಕೂರುವ ಗುಳಿ, ಎಣ್ಣೆ ಹರಿಯುವ ತೂತು ಎಲ್ಲವನ್ನೂ ಕಣ್ಣು ಮುಚ್ಚಿ ಎರಡೆರಡು ಸಲ ಸವರಿದ. "ಆತು" ಎಂದ. ಎರಡು ವರ್ಷದಲ್ಲಿ ಅವನು ನಕ್ಕದ್ದು ಅಂದೇ ಮೊದಲು.

ಹೊಸ ಪಿಸ್ಟನ್ ಹಾಕಿ ಎಂಜಿನ್ ಜೋಡಿಸಿ, ಬೈಕಿಗೆ ಕೂರಿಸಿ, ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕಿಕ್ ಹೊಡೆದ. ಎಂಜಿನ್ ಎದ್ದಿತು, ಊರೇ ಕೇಳುವಂತೆ ಕೂಗಿತು. ನನಗೆ ಕಣ್ಣೀರೇ ಬಂತು. ಹತ್ತು ನಿಮಿಷ ಆಗಿರಬೇಕು, ಕರಕರ ಎಂದದ್ದು ಒಮ್ಮೆಲೇ ಕಚ್ಚಿಕೊಂಡು ನಿಂತಿತು.

ಬಿಚ್ಚಿ ನೋಡಿದರೆ ಹೊಸ ಪಿಸ್ಟನ್ ಪೂರ್ತಿ ಗೀರುಗೀರು. ಬೇರಿಂಗಿನೊಳಗೆ ಬೂದುಬಣ್ಣದ ರಾಡಿ. ಉದಯ ತನ್ನ ಕೈಗಳನ್ನೇ ನೋಡುತ್ತ ಕುಳಿತ. "ನನ್ನ ಕೈ ಹೋಯ್ತು ಅಕ್ಕ" ಎಂದ.

ತಡೆಯಲಾಗಲಿಲ್ಲ. "ಅಲ್ವೋ! ಬೂದಿ ಹಾಕಿ ತಿಕ್ಕಿದ್ದು ನಾನು. ಸುಳ್ಳು ಹೇಳಿದ್ದೂ ನಾನೇ. ನನ್ನ ಬುದ್ಧಿಗೆ ಬೆಂಕಿ ಬೀಳ್ಲಿ! ನಿನ್ನ ಕೈದು ಎಂತ ತಪ್ಪೂ ಇಲ್ಲ" ಎಂದು ಅತ್ತುಬಿಟ್ಟೆ. ಇನ್ನು ಬೈಯುತ್ತಾನೆ, ಆಮೇಲೆ ಮತ್ತೆ ಜೋಡಿಸುತ್ತಾನೆ ಎಂದುಕೊಂಡಿದ್ದೆ.

ಅವನು ಬೈಯಲಿಲ್ಲ. ಆ ರಾಡಿಯನ್ನು ಎರಡು ಬೆರಳ ನಡುವೆ ಹಿಡಿದು ಬಹಳ ಹೊತ್ತು ಉಜ್ಜಿದ.

"ಇಷ್ಟು ತರಿ ಇತ್ತು. ಎರಡು ಸಲ ಸವರಿದ್ದೆ. ನಂಗೆ ಗೊತ್ತಾಗ್ಲೇ ಇಲ್ಲ" ಎಂದ.