ಮನೆಯಲ್ಲೇ ಓದಿದ ಐದನೇತ್ತೆ

ಹೊಸ ಪುಸ್ತಕದ ವಾಸನೆ ಬಂದರೆ ನಾನು ಪುಸ್ತಕವನ್ನು ದೂರ ಸರಿಸುತ್ತೇನೆ ಎಂದರೆ ನೀವು ನಗುತ್ತೀರಿ. ಜಗತ್ತೆಲ್ಲ ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಸುಖಪಡುವ ವಾಸನೆ ಅದು. ನನಗೆ ಮಾತ್ರ ಅದರ ಹಿಂದೆಯೇ ಡೀಸೆಲ್ಲಿನ ವಾಸನೆಯೂ, ಡೀಸೆಲ್ಲಿನ ಹಿಂದೆ ಒಂದು ಹಳೆಯ ಹೆದರಿಕೆಯೂ ಸಾಲಾಗಿ ಬಂದು ನಿಲ್ಲುತ್ತವೆ.

ಕಳೆದ ವಾರ ನನ್ನ ರಜೆಯ ದಿನ ಹೀಗೇ ಆಯಿತು. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಪ್ರೀತಿ ಎಂಬ ಹೆಣ್ಣುಮಗಳ ಹೆಸರಿಗೆ ದೊಡ್ಡದೊಂದು ರಟ್ಟಿನ ಡಬ್ಬಿ ಬಂತು. ಅವಳು ಹತ್ತು ವರ್ಷದ ಮಗಳನ್ನು ಶಾಲೆ ಬಿಡಿಸಿ, ಇನ್ನು ಮುಂದೆ ಮನೆಯಲ್ಲೇ ಓದಿಸಬೇಕೆಂದು ನಿಶ್ಚಯಿಸಿದ್ದಾಳೆ. ಡಬ್ಬಿಯನ್ನು ನಮ್ಮ ಪಡಸಾಲೆಯಲ್ಲೇ ಬಿಚ್ಚಿ, ಪುಸ್ತಕಗಳನ್ನು ನಾಲ್ಕು ಗುಡ್ಡೆ ಮಾಡಿದಳು.

"ಕಾಕಾ, ಇವು ನಾಕು ನಮೂನಿ ಅದಾವ್ರಿ. ಒಂದು ಇಟ್ಕೊಂಡು ಉಳದದ್ದು ವಾಪಸ್ ಕಳಸಬೇಕು. ನೀವೂ ಮಗಳನ್ನ ಮನ್ಯಾಗ ಓದಿಸೀರಂತ ಕಾಕು ಹೇಳಿದ್ರು. ಯಾವುದು ಇಟ್ಕೋಬೇಕು, ಹೇಳ್ರಿ." ಕಾಕು ಎಂದರೆ ನನ್ನ ಹೆಂಡತಿ.

ನಾನು ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಯಾವ ಊರಿಗೆ ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಲ್ಲಿ ಇಳಿದು ಎಲ್ಲಿ ಹತ್ತಬೇಕು ಎಂದು ದಿನಕ್ಕೆ ನೂರು ಜನಕ್ಕೆ ತಡವರಿಸದೆ ಹೇಳುವವನು. ಅವಳಿಗೆ ಮಾತ್ರ, "ಸಂಜಿಕ ಹೇಳತೇನವಾ" ಎಂದುಬಿಟ್ಟೆ.

ಹೊಸ ಶತಮಾನ ಆಗಷ್ಟೇ ಸುರುವಾಗಿದ್ದ ಕಾಲ. ನಮ್ಮ ಒಬ್ಬಳೇ ಮಗಳು ರೇಖಾ ನಾಲ್ಕನೇ ಇಯತ್ತೆ ಮುಗಿಸಿದ್ದಳು. ತರಗತಿಗೆ ನಮ್ಮ ಕಡೆ ಇಯತ್ತೆ ಎನ್ನುತ್ತೇವೆ. ಮಾತಿನ ಗಡಿಬಿಡಿಯಲ್ಲಿ ಅದೇ ಐದನೇತ್ತೆ, ಆರನೇತ್ತೆ ಆಗುತ್ತದೆ. ಆ ಬೇಸಿಗೆಯಲ್ಲಿ ಅವಳಿಗೆ ಗಂಟಲು ನೋವು ಬಂತು, ಹೋಯಿತು. ಆಮೇಲೆ ಒಂದು ದಿನ ಮೊಣಕಾಲು ಬಾತಿತು, ಅದು ಇಳಿಯುವುದರೊಳಗೆ ಮುಂಗೈ ಬಾತಿತು. ಬೆಳಗಾವಿಯ ದೊಡ್ಡ ಡಾಕ್ಟರು ಅವಳ ಎದೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಅವಳನ್ನು ತಾಯಿಯ ಜೊತೆ ಹೊರಗೆ ಕಳಿಸಿ ನನಗೆ ಹೇಳಿದರು: "ಕೀಲುಜ್ವರ. ಎದಿ ಕವಾಟಕ್ಕ ಸ್ವಲ್ಪ ತಾಗೇತಿ. ಓಡಬಾರದು, ಜಿಗೀಬಾರದು, ಮೆಟ್ಟಲಾ ಹತ್ತಬಾರದು. ಮೂರು ವಾರಕ್ಕೊಮ್ಮೆ ಸೂಜಿ ತಪ್ಪಸಬ್ಯಾಡ್ರಿ. ಸಾಲಿ ಒಂದು ವರ್ಷ ಮರ್ತಬಿಡ್ರಿ."

ನಾನು ಕೇಳಿದ ಪ್ರಶ್ನೆ ಇದು: "ಮುಂದಿನ ವರ್ಷ ಆರನೇತ್ತಿಗೆ ಕೂಡ್ರಬೌದಲ್ರಿ?"

ಡಾಕ್ಟರು ನನ್ನನ್ನು ಸುಮ್ಮನೆ ನೋಡಿದರು. ಎದೆಯ ಕವಾಟದ ಮಾತು ನಡೆದಾಗ ಇಯತ್ತೆಯ ಮಾತು ಎತ್ತಿದ ತಂದೆಯನ್ನು ಇನ್ನು ಹೇಗೆ ನೋಡಬೇಕು? ಆದರೆ ನನ್ನ ಜಾಯಮಾನವೇ ಹಾಗೆ. ದೊಡ್ಡ ಚಿಂತೆ ಎದುರಿಗೆ ಬಂದು ನಿಂತರೆ, ಅದರ ಪಕ್ಕದಲ್ಲಿ ನಿಂತ ಸಣ್ಣ ಚಿಂತೆಯ ಕೈ ಹಿಡಿದುಕೊಂಡು ಬೇರೆ ದಾರಿಗೆ ಹೋಗಿಬಿಡುತ್ತೇನೆ. ಮದುವೆಯ ದಿನ ಕೂಡ ನಾನು ಚಿಂತೆ ಮಾಡಿದ್ದು ಕಳೆದುಹೋಗಬಹುದಾದ ಹೊಸ ಚಪ್ಪಲಿಯದು.

ಹಾಗೆಂದು ಆರನೇತ್ತೆಯ ಚಿಂತೆ ಪೂರ್ತಿ ಹುರುಳಿಲ್ಲದ್ದೇನಲ್ಲ. ನಮ್ಮ ಓಣಿಯಲ್ಲಿ ಒಂದು ವರ್ಷ ಹಿಂದೆ ಬಿದ್ದ ಹುಡುಗಿಯರು ತಮಗಿಂತ ಸಣ್ಣವರ ಜೊತೆ ಕೂರಲು ನಾಚಿ, ಮರುವರ್ಷ ಶಾಲೆಯ ಕಡೆ ಹೋಗುತ್ತಲೇ ಇರಲಿಲ್ಲ. ಹೋಗು ಎಂದು ಯಾರೂ ಹೇಳುತ್ತಲೂ ಇರಲಿಲ್ಲ. ಮೇಲಾಗಿ ಐದನೇತ್ತೆ ಎಂದರೆ ಎಬಿಸಿಡಿ ಸುರುವಾಗುವ ವರ್ಷ, ಭಿನ್ನರಾಶಿ ಸುರುವಾಗುವ ವರ್ಷ. ಅದನ್ನು ಬಿಟ್ಟು ಆರಕ್ಕೆ ಜಿಗಿಯುವುದು ಹೇಗೆ? ಶಾಲೆಯ ಹೆಡ್ ಅಕ್ಕೋರು, ಅಂದರೆ ಮುಖ್ಯೋಪಾಧ್ಯಾಯಿನಿ, ಒಳ್ಳೆಯವರು, ಆದರೆ ಮಾತು ಅಳೆದು ಆಡುವವರು.

"ಹೆಸರು ಹಚ್ಚಿ ಇಟ್ಕೋತೇನಿ. ಮನ್ಯಾಗ ಓದಸ್ರಿ. ಬರೋ ಜೂನಕ್ಕ ಕರಕೊಂಡು ಬರ್ರಿ, ಕೂಡಿಸಿ ನೋಡತೇನಿ. ಬಂದ್ರ ಆರನೇತ್ತಿ. ಬರದಿದ್ರ ಮತ್ತ ಐದನೇತ್ತಿ. ನನಗ ಬೈಬ್ಯಾಡ್ರಿ ಆಮ್ಯಾಲ."

ಆ ಸಂಜೆಯಿಂದ ನಾನು ಪುಸ್ತಕ ಹುಡುಕುವುದಕ್ಕೆ ಬಿದ್ದೆ. ಕಂಟ್ರೋಲರನಿಗೆ ಒಂದು ಅನುಕೂಲ ನೋಡಿ: ನಿಲ್ದಾಣಕ್ಕೆ ಬರುವ ಪ್ರತಿ ಬಸ್ಸಿನಲ್ಲೂ ಒಬ್ಬ ಕಂಡಕ್ಟರ್, ಪ್ರತಿ ಕಂಡಕ್ಟರನ ಬಾಯಲ್ಲೂ ಒಂದು ಸಲಹೆ. ಕನ್ನಡ ಮಾಧ್ಯಮದ ಪುಸ್ತಕಗಳು ನಮ್ಮೂರಲ್ಲಿ ಮುಗಿದಿದ್ದವು. ರಾಮದುರ್ಗದ ಬಸ್ಸಿನಲ್ಲಿ ಬಂದವು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಮುನವಳ್ಳಿ ಗಾಡಿಯ ಕಂಡಕ್ಟರ್ ಸಿದ್ದಪ್ಪ ನಿಲ್ಲಗೊಡಲಿಲ್ಲ.

"ಸಾಹೇಬ್ರ, ಈ ಪುಸ್ತಕ ಎಲ್ಲಾರೂ ಓದತಾರ. ವಸತಿ ಸಾಲಿ ಪರೀಕ್ಷಾದ ಗೈಡ್ ತರಸ್ರಿ. ಅದನ್ನ ಓದಿ ನಮ್ಮ ಸೋದರಳಿಯ ಆಫೀಸರ್ ಆಗ್ಯಾನ."

"ಎಲ್ಲಿ?"

"ಸದ್ಯಕ್ಕ ಏಳನೇತ್ತಿ ಅದಾನ್ರಿ. ಆಗತಾನ."

ಗೈಡು ಬಂತು. ನಂತರ ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಕಿತ್ತೂರಿನಲ್ಲಿ ಹೈಸ್ಕೂಲ್ ಮಾಸ್ತರ್, ತಾನೇ ಫೋನು ಮಾಡಿ ಬುದ್ಧಿ ಹೇಳಿದ: "ಹುಡುಗಿ ಹೆಂಗೂ ಮನ್ಯಾಗ ಐತಿ. ಇದ ವರ್ಷ ಇಂಗ್ಲಿಷ್ ಮೀಡಿಯಮ್ಮಿಗೆ ಹೊಳ್ಳಿಸಿಬಿಡ್ರಿ. ಯಾರಿಗೂ ಗೊತ್ತಾಗಂಗಿಲ್ಲ." ಮರುದಿನ ಕಿತ್ತೂರಿನ ಬಸ್ಸಿನ ಎಂಜಿನ್ನಿನ ಮುಚ್ಚಳದ ಮೇಲೆ ಕೂತು ಇಂಗ್ಲಿಷ್ ಪುಸ್ತಕಗಳ ಗಂಟೊಂದು ಬಂದಿಳಿಯಿತು. ಬಿಚ್ಚಿದರೆ ಪುಸ್ತಕಗಳು ಆಗ ಇಳಿಸಿದ ರೊಟ್ಟಿಯಷ್ಟು ಬೆಚ್ಚಗಿದ್ದವು. ಹೊಸ ಶಾಯಿಯ ವಾಸನೆಗೆ ಡೀಸೆಲ್ಲು ಬೆರೆತಿತ್ತು. ಮಂಚದ ಮೇಲೆ ಮಲಗಿದ್ದ ರೇಖಾ ಎದ್ದು ಕೂತು ಒಂದೊಂದನ್ನೇ ಮುಟ್ಟಿ ನೋಡಿದಳು.

ಮೂರರಲ್ಲಿ ಯಾವುದು? ಒಂದನ್ನು ಹಿಡಿದರೆ ಉಳಿದೆರಡು ನನ್ನನ್ನು ಶಪಿಸುವಂತೆ ಕಾಣುತ್ತಿದ್ದವು. ತೀರ್ಮಾನವಾಗುವ ತನಕ ಇರಲಿ ಎಂದು ಹಳೆಯ ಮಾರ್ಗಪಟ್ಟಿಗಳನ್ನು ಮಗುಚಿ ಮೂರಕ್ಕೂ ಹೊದಿಕೆ ಹಾಕುತ್ತ ಕೂತೆ. ಒಂದು ವಾರ ಅದೇ ಕೆಲಸ.

"ಪುಸ್ತಕಕ್ಕ ಅಂಗಿ ಹೊಲಿಯೂದು ಮುಗೀತಂದ್ರ ಓದಸಾಕ ಸುರು ಮಾಡ್ರಿ" ಎಂದಳು ನಮ್ಮಾಕೆ.

ಸುರು ಮಾಡಿದೆ. ನನಗೆ ಗೊತ್ತಿದ್ದ ವಿದ್ಯೆ ಒಂದೇ, ವೇಳಾಪಟ್ಟಿ. ಏಳೂ ಹದಿನೈದಕ್ಕೆ ಗಣಿತ ಬಿಡುತ್ತದೆ, ಎಂಟಕ್ಕೆ ಕನ್ನಡ, ಎಂಟೂ ಐವತ್ತಕ್ಕೆ ವಿಜ್ಞಾನ. ಸೋಮವಾರ ಮಂಗಳವಾರ ರಾಮದುರ್ಗದ ಪುಸ್ತಕ, ಬುಧವಾರ ಗುರುವಾರ ಕಿತ್ತೂರಿನದು, ಉಳಿದ ದಿನ ಸಿದ್ದಪ್ಪನ ಗೈಡು. ಗೋಡೆಗೆ ಅಂಟಿಸಿದ ಆ ಪಟ್ಟಿಯನ್ನು ನಮ್ಮಾಕೆ ಮೇಲಿಂದ ಕೆಳಗೆ ಓದಿ, "ಈ ಬಸ್ಸು ನಡುವ ಊಟಕ್ಕ ಎಲ್ಲಿ ನಿಲ್ಲತೈತಿ?" ಎಂದು ಕೇಳಿದಳು. ರೇಖಾಳದು ಬೇರೆಯೇ ತೊಡಕು. "ಅಪ್ಪಾ, ಮಂಗಳವಾರ ಭೂಮಿ ತಿರಗತೈತಿ, ಬುಧವಾರ ಅರ್ಥ್ ತಿರಗತೈತಿ. ಎರಡೂ ಒಂದ ಏನ್ರಿ?"

ಆದರೂ ಓದು ಸಾಗಿತು, ಅದೂ ಬೆರಗಾಗುವಂತೆ. ಅವಳು ಮಂಚದ ಮೇಲೆ ಪಾಟಿ ಹಿಡಿದು ಕೂರುವುದು, ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಕೂರುವುದು. ಅವಳು ಒಂದು ಅಂಕಿ ಬರೆದು ತಲೆ ಎತ್ತುತ್ತಿದ್ದಳು. ನಾನು ಹ್ಞೂಂ ಎನ್ನುತ್ತಿದ್ದೆ. ಇನ್ನೊಂದು ಅಂಕಿ ಬರೆಯುತ್ತಿದ್ದಳು. ನನ್ನ ಹುಬ್ಬು ಮೇಲೇರುತ್ತಿತ್ತು. ಅಳಿಸಿ ಬೇರೆ ಬರೆಯುತ್ತಿದ್ದಳು. ಹ್ಞೂಂ. ಹತ್ತು ಲೆಕ್ಕಕ್ಕೆ ಒಂಬತ್ತು ಸರಿ! ಸೂಜಿ ಮಾಡಿಸಿಕೊಂಡು ಬಂದ ದಿನ ಮಾತ್ರ ಒಂದೆರಡು ಹೆಚ್ಚು ತಪ್ಪುತ್ತಿದ್ದವು. ಪಾಪ, ನೋವು ಎಂದುಕೊಳ್ಳುತ್ತಿದ್ದೆ. ನಿಲ್ದಾಣದಲ್ಲಿ ನನ್ನ ಬಡಾಯಿ ಕೇಳಿ ಕೇಳಿ ಸಿದ್ದಪ್ಪ ಸಂಭಾವನೆಯೆಂಬಂತೆ ನನ್ನ ದುಡ್ಡಿನಲ್ಲೇ ಚಹಾ ಕುಡಿಯುತ್ತಿದ್ದ.

ಹುಣ್ಣಿಮೆ ಜಾತ್ರೆಯ ಜನಸಂದಣಿಗೆಂದು ವಿಶೇಷ ಬಸ್ಸು ಬಿಟ್ಟಾಗ ನನ್ನನ್ನು ಹದಿನೈದು ದಿನ ಸವದತ್ತಿಗೆ ಹಾಕಿದರು. ಓದಿಸುವ ಕೆಲಸ ನಮ್ಮಾಕೆಯ ಪಾಲಿಗೆ ಬಂತು. ಅವಳು ಓದಿದ್ದು ಮೂರನೇತ್ತೆ. ದೂಳು ತಿಂದು, ಗಂಟಲು ಕಳೆದುಕೊಂಡು ವಾಪಸು ಬಂದವನನ್ನು ಅವಳು ನೀರು ಕೊಡುವುದಕ್ಕೂ ಮೊದಲು ಮಂಚದ ಹತ್ತಿರ ಕರೆದಳು.

"ಬರ್ರಿ ಇಲ್ಲೆ. ಕುರ್ಚಿ ಆ ಕಡೆ ತಿರುವಿ ಗ್ವಾಡಿಗೆ ಮಾರಿ ಮಾಡಿ ಕುಂಡ್ರರಿ. ಹ್ಞೂಂ ಅನಬ್ಯಾಡ್ರಿ, ಕೆಮ್ಮಬ್ಯಾಡ್ರಿ."

ಗೋಡೆಗೆ ಮುಖ ಮಾಡಿ ಕೂತೆ. ಕ್ಯಾಲೆಂಡರನ್ನು ನೋಡುತ್ತ ಹತ್ತು ಲೆಕ್ಕ ಮುಗಿಯುವ ತನಕ ಉಸಿರು ಬಿಗಿಹಿಡಿದೆ. ತಿರುಗಿ ನೋಡಿದರೆ ಸರಿಯಾದದ್ದು ಮೂರು.

"ನೋಡಿದ್ರಿಲ್ಲೋ? ಈಕಿ ಲೆಕ್ಕ ಓದಿಲ್ಲ. ಆರು ತಿಂಗಳು ನಿಮ್ಮ ಮಾರಿ ಓದ್ಯಾಳ."

ರೇಖಾ ಪಾಟಿಯ ಹಿಂದೆ ಮುಖ ಮುಚ್ಚಿಕೊಂಡಿದ್ದಳು. ನನಗೆ ಸಿಟ್ಟು ಬರಲಿಲ್ಲ; ಬೆರಳು ಮಡಚಿ ತಿಂಗಳು ಎಣಿಸಿದೆ. ಜೂನಿಗೆ ನಾಲ್ಕು ತಿಂಗಳು ಉಳಿದಿತ್ತು. ಹೆಡ್ ಅಕ್ಕೋರ ಮುಂದೆ ನನ್ನ ಹುಬ್ಬು ಇರುವುದಿಲ್ಲ.

"ಈಗ ಯಾವ ಪುಸ್ತಕ ಹಿಡಿಯೂದು?" ಎಂದೆ. ನೋಡಿ, ಆಗಲೂ ನನ್ನ ತಲೆ ಅಲ್ಲೇ ಇತ್ತು.

"ಆಕಿಗೆ ಓದಿದ್ರ ತಿಳೀತೈತಲ್ಲ, ಆ ರಾಮದುರ್ಗದ್ದು. ಉಳದದ್ದು ಅಟ್ಟಕ್ಕ ಹಾಕ್ರಿ. ನೀವೂ ಸ್ವಲ್ಪ ದಿನ ಅಟ್ಟದ ಮ್ಯಾಲ ಇದ್ದಾಂಗ ಇರ್ರಿ."

ಅಲ್ಲಿಂದ ಮುಂದೆ ಅಡುಗೆಮನೆಯೇ ಶಾಲೆಯಾಯಿತು. ನಮ್ಮಾಕೆ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುವಳು, ಅವಳ ಬೆನ್ನ ಹಿಂದೆ ಚಾಪೆಯ ಮೇಲೆ ರೇಖಾ. ನಾನು ಬಾಗಿಲಾಚೆ ನಿಂತು ಕದ್ದು ಕೇಳುತ್ತಿದ್ದೆ.

"ಅವ್ವಾ, ಇದು ಬರೋಬ್ಬರಿ ಐತೇನ?"

"ನನಗೇನ ಗೊತ್ತವಾ? ಇನ್ನೊಮ್ಮಿ ಮಾಡು. ಅದ ಬಂದ್ರ ಖರೆ ಇರಬೇಕು. ಬ್ಯಾರೆ ಬಂದ್ರ ಎರಡರಾಗ ಒಂದು ಸುಳ್ಳು."

"ಯಾವುದು ಸುಳ್ಳು?"

"ನೀನ ಹುಡುಕು. ನನ್ನ ಕೈ ಹಿಟ್ಟಾಗೇತಿ."

ಹೀಗೆ ಚಟಪಟ ಸದ್ದಿನ ನಡುವೆ ಭಿನ್ನರಾಶಿ ಮುಗಿಯಿತು. ಮೊದಲ ಮಳೆ ಬಿದ್ದ ವಾರ, ಅಷ್ಟು ದೂರ ನಿಧಾನಕ್ಕೆ ನಡೆಯಬಹುದೆಂದು ಡಾಕ್ಟರು ಹೇಳಿದ ಮೇಲೆ, ಮಗಳನ್ನು ಶಾಲೆಗೆ ಕರೆದುಕೊಂಡು ಹೋದೆ. ಹೆಡ್ ಅಕ್ಕೋರು, "ನೀವು ಹೊರಗ ಕುಂಡ್ರರಿ" ಎಂದು ಬಾಗಿಲು ಹಾಕಿದರು. ಬೇವಿನ ಕಟ್ಟೆಯ ಮೇಲೆ ಕೂತೆ. ಯಾರೂ ಹೇಳದಿದ್ದರೂ ಶಾಲೆಗೆ ಬೆನ್ನು ಮಾಡಿಯೇ ಕೂತಿದ್ದೆ.

ಒಂದು ತಾಸಿನ ಮೇಲೆ ಒಳಗೆ ಕರೆದರು. ಎಬಿಸಿಡಿಯೂ ಕನ್ನಡವೂ ಪರವಾಗಿಲ್ಲ. ಹತ್ತು ಲೆಕ್ಕದಲ್ಲಿ ನಾಲ್ಕು ತಪ್ಪು. ತಪ್ಪಿದ ನಾಲ್ಕರಲ್ಲಿ ಮೂರರ ಪಕ್ಕದಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಇತ್ತು.

"ಇದೇನವಾ?" ಅಕ್ಕೋರು ಅವಳನ್ನೇ ಕೇಳಿದರು.

"ಅವು ತಪ್ಪ ಅದಾವ್ರಿ ಅಕ್ಕೋರ. ಎರಡ ಸಲ ಮಾಡಿದ್ರ ಎರಡ ನಮೂನಿ ಬರಾಕ ಹತ್ಯಾವು. ಎಲ್ಲಿ ತಪ್ಪೈತಿ ಅಂತ ಸಿಗವಲ್ದು."

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ತಪ್ಪು ಮಾಡೋರು ದಿನಾ ಬರತಾರ. ತಪ್ಪು ಅದಾವಂತ ತಾನ ಬರಕೊಂಡು ಬಂದಾಕಿ ಈಕೀನ ಮೊದಲ. ಆರನೇತ್ತಿಗೆ ಬರ್ಕೋತೇನಿ, ನಡೀರಿ."

ಇಪ್ಪತ್ತು ವರ್ಷಗಳಿಂದ ನಾನು ನಂಬಿಕೊಂಡ ಕಥೆ ಇಷ್ಟು. ಪ್ರೀತಿಗೂ ಇದನ್ನೇ ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ: ಯಾವ ಪುಸ್ತಕವಾದರೂ ಆದೀತು, ಮಗುವಿಗೆ ನಿನ್ನ ಮುಖ ಮಾತ್ರ ತೋರಿಸಬೇಡ. ಹೇಳುವುದಕ್ಕೆ ಮೊದಲು ರೇಖಾಳ ಜೊತೆ ಒಮ್ಮೆ ನಗಬೇಕೆನಿಸಿ ಫೋನು ಮಾಡಿದೆ. ಅವಳೀಗ ರಾಮದುರ್ಗದಲ್ಲಿ ಔಷಧಿ ಅಂಗಡಿ ನಡೆಸುತ್ತಾಳೆ. ಎದೆಯೊಳಗೆ ಸಣ್ಣ ಸಪ್ಪಳವೊಂದು ಇನ್ನೂ ಇದೆ, ಅದರ ಪಾಡಿಗೆ ಅದಿದೆ.

"ಏನವಾ, ನನ್ನ ಮಾರಿ ನೋಡಿ ಲೆಕ್ಕ ಮಾಡತಿದ್ದಿ, ನೆನಪೈತೇನ?"

"ತಡೀರಿ ಅಪ್ಪಾ, ಗಿರಾಕಿ ಅದಾರ." ಗುಳಿಗೆಯ ಪಟ್ಟಿ ಕತ್ತರಿಸುವ ಸದ್ದು. "ಉಂಡಮ್ಯಾಲ ತಗೋರಿ ಅಜ್ಜಾ, ಖಾಲಿ ಹೊಟ್ಟಿಲೆ ಬ್ಯಾಡ. ಹ್ಞಾಂ, ಹೇಳ್ರಿ. ಲೆಕ್ಕಕ್ಕ ನೋಡತಿದ್ದೆ, ಸುಳ್ಳಲ್ಲ. ಆದ್ರ ಮೊದಲ ನೋಡಾಕ ಸುರು ಮಾಡಿದ್ದು ಅದರ ಸಲುವಾಗಿ ಅಲ್ಲ."

"ಮತ್ತ?"

"ಡಾಕ್ಟರು ಏನಂದ್ರಂತ ನನಗ ಯಾರೂ ಹೇಳತಿದ್ದಿಲ್ಲಲ್ಲ. ಸೂಜಿ ಮಾಡಿಸಿಕೊಂಡು ಬಂದ ದಿನ ನಿಮ್ಮ ಮಾರಿ ನೋಡತಿದ್ದೆ. ಏನೂ ತಿಳೀದಿದ್ರ ಬೇಕಂತ ಒಂದು ಲೆಕ್ಕ ತಪ್ಪು ಮಾಡತಿದ್ದೆ. ನೀವು ಹುಬ್ಬು ಏರಿಸಿ ಒದ್ದಾಡತಿದ್ರಿ. ಆಗ ಸಮಾಧಾನ ಆಗತಿತ್ತು."

"ನಾ ಒದ್ದಾಡಿದ್ರ ನಿನಗ ಸಮಾಧಾನ?"

"ಅಲ್ರೀ ಅಪ್ಪಾ, ಸಾಯೋ ಹುಡುಗಿ ಲೆಕ್ಕ ತಪ್ಪಿದ್ರ ಯಾರರ ಅಷ್ಟು ಒದ್ದಾಡತಾರೇನು? ಮೂರು ನಮೂನಿ ಪುಸ್ತಕ ತರಸತಾರೇನು?" ಎಂದು ನಕ್ಕಳು. "ಕಿತ್ತೂರ ಗಾಡಿಯಿಂದ ಆ ಗಂಟು ಬಂತಲ್ಲ, ಅವತ್ತ ನನಗ ಮೊದಲನೇ ಸಲ ಅನಿಸಿತ್ತು, ನಾ ಉಳೀತೇನಿ ಅಂತ. ಇಡ್ರಿ ಅಪ್ಪಾ, ಮತ್ತ ಗಿರಾಕಿ ಬಂದ್ರು."

ಫೋನು ಕೈಯಲ್ಲೇ ಇತ್ತು. ಒಳಗಿನಿಂದ ನಮ್ಮಾಕೆ, "ಏನಂತ ರೇಖಾ?" ಎಂದು ಕೂಗಿದಳು. "ಆರಾಮ ಅದಾಳ" ಎಂದೆ. ಕವಾಟದ ಮಾತಿಗೆ ಇಯತ್ತೆಯ ಪ್ರಶ್ನೆ ಕೇಳಿದೆನಲ್ಲ ಎಂದು ಇಷ್ಟು ವರ್ಷ ಆಗಾಗ ನಾಚಿಕೊಂಡವನು ನಾನು.

ಸಂಜೆ ಪ್ರೀತಿ ಇಳಿದು ಬಂದಳು. "ಏನ ತೀರ್ಮಾನ ಆತ್ರಿ ಕಾಕಾ? ಯಾವುದು ಇಟ್ಕೋಬೇಕು?"

"ಯಾವುದರ ಇಟ್ಕೋವಾ, ನಾಕೂ ಛಲೋ ಅದಾವು. ಆದ್ರ ಆರಸೂ ಮುಂದ ಮಗಳನ್ನ ಬಾಜೂಕ ಕುಂಡ್ರಿಸಿಕೊಂಡು ಆರಸು. ಬಡಾಬಡಾ ಮುಗಿಸಬ್ಯಾಡ."

ಇದೆಂಥ ಸಲಹೆ ಎಂಬಂತೆ ಅವಳು ನನ್ನನ್ನು ನೋಡಿದಳು. ಮೆಟ್ಟಿಲ ಮೇಲೆ ಕೂತಿದ್ದ ಅವಳ ಮಗಳು ಆಗಲೇ ನಮ್ಮಿಬ್ಬರ ಮುಖವನ್ನು ಒಂದಾದ ಮೇಲೊಂದು ನೋಡುತ್ತಿದ್ದಳು, ಅವಳ ಕಣ್ಣು ನನ್ನ ಮೇಲೆ ಬಂದು ನಿಂತಿತು. ನಾನು ಆಚೆ ತಿರುಗಲಿಲ್ಲ.