ಅಪ್ಪ ಹೇಳಿದ ಮೊಲದ ಪಾಠ

ಆಸ್ಟ್ರೇಲಿಯಾದ ಪಾಠವನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಶಹಾಪುರದ ಸುತ್ತಮುತ್ತ ಯಾರೂ ಇಲ್ಲ. ಇದು ಜಂಬದ ಮಾತೇ, ಇರಲಿ. ಆದರೆ ಆ ಪಾಠ ನನ್ನದಲ್ಲ, ನಮ್ಮ ಅಪ್ಪನದು. ಶಹಾಪುರಕ್ಕೂ ಸುರಪುರಕ್ಕೂ ನಡುವೆ ಇರುವ ನಮ್ಮೂರಿನ ಶಾಲೆಯಲ್ಲಿ ಅವರು ಭೂಗೋಳ ಕಲಿಸುತ್ತಿದ್ದರು. ಏಳನೆಯ ತರಗತಿಯಲ್ಲಿ ನಾನೂ ಅವರ ಮುಂದೆ ಬೆಂಚಿನ ಮೇಲೆ ಕೂತವಳೇ.

ಅಪ್ಪ ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ ಆ ಖಂಡವನ್ನು ಬರೆಯುತ್ತಿದ್ದರು. ಆಮೇಲೆ ಸುತ್ತಲೂ ನೀಲಿ ಬಣ್ಣ ತೀಡುತ್ತಿದ್ದರು. "ಸುತ್ತ ಬರೇ ನೀರು. ಹೊರಗಿನ ಪ್ರಾಣಿ ಬರಾಕ ದಾರೀನ ಇಲ್ಲ. ಅದಕ್ಕ ಅಲ್ಲಿಯವಕ್ಕ ಅಂಜಿಕಿ ಅಂದ್ರೇನು ಗೊತ್ತಿದ್ದಿಲ್ಲ" ಎನ್ನುತ್ತಿದ್ದರು. ಹೊಟ್ಟೆಯ ಚೀಲದಲ್ಲಿ ಮರಿ ಹೊತ್ತು ಜಿಗಿಯುವ ಕಾಂಗರೂ, ನೆಲ ತೋಡಿ ಬದುಕುವ ಇಲಿ ಗಾತ್ರದ ಚೀಲದ ಪ್ರಾಣಿಗಳು, ಮೊಟ್ಟೆ ಇಟ್ಟು ಮರಿಗೆ ಹಾಲೂಡುವ ವಿಚಿತ್ರ ಜೀವ, ಎಲ್ಲವನ್ನೂ ಅವರು ನಟಿಸಿ ತೋರಿಸುತ್ತಿದ್ದರು. ನಾವು ನಕ್ಕು ಸುಸ್ತಾಗುವ ಹೊತ್ತಿಗೆ ಮೊಲದ ಕಥೆ ಬರುತ್ತಿತ್ತು. ಹಡಗಿನಲ್ಲಿ ಹೋಗಿ ನೆಲೆಸಿದವರು ಬೇಟೆಯ ಆಸೆಗೆ ಒಂದಿಷ್ಟು ಮೊಲ ತಂದುಬಿಟ್ಟರು. ಅವು ಮೈದಾನವೆಲ್ಲ ತುಂಬಿ ಹುಲ್ಲಿನ ಬೇರನ್ನೂ ಬಿಡಲಿಲ್ಲ. ಬೇಟೆಗೆಂದೇ ನರಿ ತಂದರು. ಅದು ಓಡಲು ಬಾರದ ಅಲ್ಲಿನ ಸಣ್ಣ ಪ್ರಾಣಿಗಳನ್ನು ಹಿಡಿದು ತಿಂದಿತು. ಕಬ್ಬಿನ ಹುಳ ತಿನ್ನಲೆಂದು ಕಪ್ಪೆ ತಂದರು. ಅದು ಹುಳವನ್ನು ಬಿಟ್ಟು ಉಳಿದದ್ದೆಲ್ಲವನ್ನೂ ತಿಂದಿತು, ಅದನ್ನು ತಿಂದ ಪ್ರಾಣಿ ವಿಷವೇರಿ ಸತ್ತಿತು.

"ತಂದವರು ಕೆಟ್ಟವರಲ್ಲ" ಎಂದು ಅಪ್ಪ ಕೊನೆಗೆ ದನಿ ಇಳಿಸುತ್ತಿದ್ದರು. "ಆದ್ರ ತಪ್ಪಾತು ಅಂತ ಗೊತ್ತಾದ ಮ್ಯಾಲೂ ನಾನ ತಂದೇನಿ ಅಂತ ಒಬ್ಬರೂ ಹೇಳಲಿಲ್ಲ. ಅದು ದೊಡ್ಡ ತಪ್ಪು." ಅಷ್ಟು ಹೇಳಿ, ಕಿಟಕಿಯಾಚೆ ಕೈ ತೋರಿಸಿ, "ನಮ್ಮೂರ ಬಾವಿನೂ ಒಂದು ಆಸ್ಟ್ರೇಲಿಯಾನ ನೋಡ್ರಿ, ಜ್ವಾಕಿ" ಎನ್ನುತ್ತಿದ್ದರು.

ನಮ್ಮ ಓಣಿಯ ಬಾವಿ ಮೆಟ್ಟಿಲಿಳಿದು ನೀರು ತುಂಬುವ ಹಳೆಯ ಕಲ್ಲುಬಾವಿ. ಅದರಲ್ಲಿ ಬೆರಳುದ್ದದ ಬೆಳ್ಳಿ ಬಣ್ಣದ ಮೀನುಗಳಿದ್ದವು. ಬಾಲದ ಹತ್ತಿರ ಒಂದು ಕರಿ ಚುಕ್ಕೆ ಇದ್ದುದರಿಂದ ಚುಕ್ಕಿ ಮೀನು ಎನ್ನುತ್ತಿದ್ದೆವು. ಅವು ನೀರನ್ನು ಕಾಯುತ್ತವೆ ಎಂಬ ನಂಬಿಕೆ. ಮೀನು ತಿನ್ನುವ ಮನೆಯವರೂ ಅಲ್ಲಿ ಗಾಳ ಹಾಕುತ್ತಿರಲಿಲ್ಲ. ಪಕ್ಕದ ಮನೆಯ ಆಯಿ ಪ್ರತಿ ಸೋಮವಾರ ಸೆರಗಿನಲ್ಲಿ ಚುರುಮರಿ ಕಟ್ಟಿಕೊಂಡು ಬಂದು ಮೆಟ್ಟಿಲ ಮೇಲೆ ಕೂತು ಅವಕ್ಕೆ ಹಾಕುತ್ತಿದ್ದಳು. ನಮಗೆ ಸಂಬಂಧಿಯಲ್ಲ. ಆದರೆ ನನ್ನ ತಾಯಿ ತೀರಿಕೊಂಡ ಮೇಲೆ ನನ್ನ ತಲೆ ಬಾಚಿ ಹೆಣಲು ಹಾಕುತ್ತಿದ್ದವಳು ಅವಳೇ. ಚುರುಮರಿಯಲ್ಲಿ ಅರ್ಧ ಮೀನಿಗೆ, ಅರ್ಧ ನನಗೆ. ನೀರಿಗೆ ಕೈ ಇಳಿಸಿದರೆ ಮೀನುಗಳು ಬಂದು ಬೆರಳಿಗೆ ಬಾಯಿ ಹಚ್ಚುತ್ತಿದ್ದವು. ನಾನು ಕಿಲಕಿಲ ನಗುತ್ತಿದ್ದೆ, ಆಯಿ ನನ್ನನ್ನು ನೋಡಿ ನಗುತ್ತಿದ್ದಳು.

ಅಷ್ಟರಲ್ಲಿ ಕೆನಾಲಿಗೆ ನೀರು ಬಂತು. ಜೋಳ, ತೊಗರಿಯ ಹೊಲಗಳ ನಡುವೆ ಭತ್ತದ ಗದ್ದೆಗಳು ಮೂಡಿದವು. ಆಂಧ್ರದ ಕಡೆಯಿಂದ ಬಂದು ಭತ್ತ ಹಚ್ಚಿದವರು ಊರಾಚೆ ಗುಡಿಸಲು ಹಾಕಿಕೊಂಡರು. ಆ ವಸತಿಗೆ ಕ್ಯಾಂಪ್ ಎಂದು ಹೆಸರಾಯಿತು. ನಮ್ಮವರಿಗೆ ಅವರ ಮೇಲೆ ಒಂದಿಷ್ಟು ಸಿಟ್ಟು, ಒಂದಿಷ್ಟು ಹೊಟ್ಟೆಕಿಚ್ಚು. ನಮಗೆ ಮಕ್ಕಳಿಗೆ ಮಾತ್ರ ಕೆನಾಲೆಂದರೆ ಹಬ್ಬ. ಮೊದಲ ನಾಟಿ ಮುಗಿಯುತ್ತಿದ್ದ ಒಂದು ಸಂಜೆ ನಾನು ಅದರ ಅಂಚಿನಿಂದ ತಂಬಿಗೆಯಲ್ಲಿ ಮೂರು ಮೀನಿನ ಮರಿ ಹಿಡಿದು ತಂದೆ. ಕರ್ರಗೆ, ಎಳೆ ಮೀಸೆ ಮೂಡಿದಂಥವು. ಬಾವಿಗೆ ಬಿಡಬೇಕೆಂದು ಹೊರಟವಳನ್ನು ಅಪ್ಪ ಓಣಿಯ ಬಾಯಲ್ಲೇ ತಡೆದರು.

"ಇಷ್ಟ ದಿನ ಏನ ಕಲ್ತಿ ನೀ? ಎಲ್ಲಿಂದ ತಂದಿ ಅಲ್ಲೇ ಬಿಟ್ಟು ಬಾ" ಎಂದು ನಾಲ್ಕು ಮಂದಿಯ ಎದುರಿಗೇ ಗದರಿದರು. ಅಳುತ್ತಾ ಹೋಗಿ ಕೆನಾಲಿಗೆ ಬಿಟ್ಟು ಬಂದೆ. ಬರುವಾಗ ಖಾಲಿ ತಂಬಿಗೆಯನ್ನು ಬಾವಿಯ ಮೆಟ್ಟಿಲಲ್ಲಿ ತೊಳೆದೆ. ಅಪ್ಪನ ಮೇಲೆ ಸಿಟ್ಟು ಬಂದಿತ್ತು, ಒಳಗೊಳಗೆ ಹೆಮ್ಮೆಯೂ ಆಗಿತ್ತು. ಇಷ್ಟು ಸಣ್ಣ ಮೀನಿಗಾಗಿ ಮಗಳನ್ನೇ ಬೈಯುವ ಮನುಷ್ಯ ನನ್ನ ಅಪ್ಪ ಎಂದು.

ಎರಡು ಮೂರು ತಿಂಗಳಲ್ಲಿ ಚುಕ್ಕಿ ಮೀನು ಕಡಿಮೆಯಾಗತೊಡಗಿದವು. ಆಯಿಯ ಚುರುಮರಿ ನೀರಿನ ಮೇಲೆ ಹಾಗೇ ತೇಲಿ ನೆನೆದು ಹೋಗುತ್ತಿತ್ತು. ಬೇಸಿಗೆಯಲ್ಲಿ ಹೂಳು ತೆಗೆಯಲು ಬಾವಿ ಬತ್ತಿಸಿದಾಗ ತಳದ ಕೆಸರಿನಲ್ಲಿ ಸಿಕ್ಕಿದ್ದು ಮೊಳಕ್ಕಿಂತ ಉದ್ದದ ಎರಡು ಮೀಸೆ ಮೀನು. ಬೆಳ್ಳಿಯ ಒಂದು ಹುರುಪೆಯೂ ಉಳಿದಿರಲಿಲ್ಲ.

ಎಲ್ಲರೂ ನನ್ನ ಕಡೆ ತಿರುಗಿದರು. ತಂಬಿಗೆ ಹಿಡಿದು ಬಾವಿಗಿಳಿದವಳನ್ನು ಓಣಿಯೆಲ್ಲ ನೋಡಿತ್ತಲ್ಲ. ಮರಿಗಳು ಅಷ್ಟು ಬೇಗ ಅಷ್ಟು ದೊಡ್ಡವಾದವೇ ಎಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆ ಹೊಳೆಯಬೇಕಾದವರು ಒಬ್ಬರೇ, ಅಪ್ಪ; ಅವರು ಅಲ್ಲೇ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದರು. ನಾನು ಅವರ ಮುಖ ನೋಡಿದೆ. ಕೆನಾಲಿಗೆ ಬಿಟ್ಟು ಬಂದಾಳ, ನಾನ ಕಳಿಸೇನಿ ಎಂದು ಹೇಳುತ್ತಾರೆ ಎಂದು ಕಾಯ್ದೆ.

ಅಪ್ಪ ಕೈ ಮುಗಿದು ಓಣಿಯವರಿಗೆ ಹೇಳಿದರು: "ಸಣ್ಣ ಹುಡುಗಿ, ಗಲತಿ ಮಾಡ್ಯಾಳ. ಮಾಫಿ ಮಾಡ್ರಿ." ನನಗೆ ಹೇಳಿದರು: "ಬಾವಿಗೆ ಕಾಯಿ ಒಡದು ತಪ್ಪಾತು ಅನ್ನು."

ಒಡೆದೆ. ತಪ್ಪಾತು ಅಂದೆ. ಅಪ್ಪ ಹೇಳಿದ ಮೇಲೆ ಅದು ನಿಜವೇ ಇರಬೇಕು ಎಂದುಕೊಂಡೆ. ತಂಬಿಗೆ ತೊಳೆಯುವಾಗ ಒಂದೆರಡು ಮರಿ ತಳದಲ್ಲಿ ಅಂಟಿ ಉಳಿದಿರಬೇಕು ಎಂದು ನಾನೇ ದಾರಿ ಹುಡುಕಿ ನನ್ನ ಮೇಲೆ ತಪ್ಪು ಹೊರಿಸಿಕೊಂಡೆ. ಮೂವತ್ತು ವರ್ಷ ಆ ತಂಬಿಗೆಯನ್ನು ಮನಸ್ಸಿನಲ್ಲೇ ಬಗ್ಗಿಸಿ ಬಗ್ಗಿಸಿ ನೋಡಿದ್ದೇನೆ.

ಆಯಿ ಬೈಯಲಿಲ್ಲ. "ನನ್ನ ಕಣ್ಣ ಮುಂದ ನೀ ಈ ಬಾವ್ಯಾಗ ಕೊಡ ಅದ್ದಬ್ಯಾಡ" ಎಂದಳು, ಅಷ್ಟೇ. ಅಂದಿನಿಂದ ನಾನು ಊರ ತುದಿಯ ಬೋರಿಂಗಿನಿಂದ ನೀರು ತಂದೆ. ನನ್ನ ಹೆಣಲನ್ನು ನಾನೇ ಹಾಕಿಕೊಳ್ಳಲು ಕಲಿತೆ. ಅದು ಬಹಳ ದಿನ ಓರೆಯಾಗಿಯೇ ಬರುತ್ತಿತ್ತು. ಆಯಿ ಹಾಸಿಗೆ ಹಿಡಿದಾಗ ನೋಡಲು ಹೋದೆ. ಅವಳು ಗೋಡೆಯ ಕಡೆ ಹೊರಳಿದಳು. ನಾನು ಬಾಗಿಲಲ್ಲಿ ಒಂದಷ್ಟು ಹೊತ್ತು ನಿಂತು ಮನೆಗೆ ಬಂದೆ.

ಮುಂದೆ ನಾನೂ ಭೂಗೋಳದ ಶಿಕ್ಷಕಿಯಾದೆ, ಮದುವೆಯಾಗಿ ಶಹಾಪುರದಲ್ಲಿ ನೆಲೆಸಿದೆ. ನಿವೃತ್ತರಾದ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಪ್ರತಿ ವರ್ಷ ಒಂದೇ ಗೆರೆಯಲ್ಲಿ ಆ ಖಂಡ ಬರೆಯುತ್ತೇನೆ, ಸುತ್ತಲೂ ನೀಲಿ ತೀಡುತ್ತೇನೆ. ಮಕ್ಕಳನ್ನು ಬೋನಾಳದ ಕೆರೆಗೆ ಕರೆದುಕೊಂಡು ಹೋಗಿ, ದೂರದಿಂದ ಬಂದು ಚಳಿ ಮುಗಿದ ಮೇಲೆ ತಿರುಗಿ ಹೋಗುವ ಹಕ್ಕಿಗಳನ್ನು ತೋರಿಸುತ್ತೇನೆ. ಬಂದದ್ದೆಲ್ಲ ಕೆಡುಕಲ್ಲ ಎನ್ನುತ್ತೇನೆ. ಮೊಲ ತಂದವರ ಬಗ್ಗೆ ಹೇಳುವಾಗ ಮಾತ್ರ ಮಕ್ಕಳ ಕಡೆ ನೋಡದೆ ಬೋರ್ಡಿನ ಕಡೆ ತಿರುಗುತ್ತಿದ್ದೆ. ನಾನೂ ಆ ಸಾಲಿನವಳೇ ಎಂದು ನಂಬಿದ್ದೆನಲ್ಲ.

ಹೋದ ವರ್ಷ ಶಾಲೆ ಶುರುವಾದ ವಾರ ನಮ್ಮೂರ ಕ್ಯಾಂಪಿನ ಒಬ್ಬ ಹಿರಿಯರು ಮೊಮ್ಮಗಳನ್ನು ಸೇರಿಸಲು ಬಂದರು. ನಾನು ಯಾರ ಮಗಳೆಂದು ತಿಳಿದದ್ದೇ ಎದ್ದು ನಿಂತು ನಮಸ್ಕಾರ ಮಾಡಿದರು.

"ಮಾಸ್ಟರ್‌ಗಾರು ದೇವರಂಥವರು ಮೇಡಂ. ನನ್ನ ಮಗನಿಗೆ ಮನೆಗೆ ಕರೆದು ಕನ್ನಡ ಕಲಿಸಿದರು, ಏನೂ ತಗೊಳ್ಳಲಿಲ್ಲ. ನಾನು ಹೊಂಡದಲ್ಲಿ ಸಾಕಲು ಹೊರದೇಶದ ಮೀಸೆ ಮೀನು ತರಿಸಿದ್ದೆ. ಅದರಲ್ಲಿ ಎರಡು ಒಳ್ಳೆಯವು ಆರಿಸಿ ಬಕೀಟಿನಲ್ಲಿ ಜೀವಂತ ಒಯ್ದು ಕೊಟ್ಟೆ. ಅವರು ಮೀನು ತಿನ್ನೋದಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಮನಸು ನೋಯಬಾರದು ಅಂತ ನಗುತ್ತಾ ತಗೊಂಡರು. ಮೀನು ಏನಾದವು ಅಂತ ಆಮೇಲೆ ಕೇಳಿದೆ. ‘ಜೀವ ಹೆಂಗ ತೆಗೀಲಿ, ಬಾವಿಗೆ ಬಿಟ್ಟೆ, ಅಲ್ಲಿ ಯಾರೂ ಹಿಡಿಯೋದಿಲ್ಲ’ ಅಂದರು. ಅಂಥ ದಯೆ ಯಾರಿಗಿದೆ ಹೇಳಿ."

ನಮ್ಮದು ಲಿಂಗ ಕಟ್ಟುವ ಮನೆ, ಮೀನು ಹೊಸ್ತಿಲು ದಾಟುವುದಿಲ್ಲ. ಕೊಲ್ಲುವುದಂತೂ ದೂರದ ಮಾತು. ಹಾಗಾಗಿ ಅವರು ಹೇಳಿದ್ದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಯಾವ ತಿಂಗಳು ಎಂದು ಕೇಳಿದೆ. ಮೊದಲ ನಾಟಿ ಮುಗಿದ ಮೇಲೆ ಎಂದರು. ನನ್ನ ತಂಬಿಗೆಯ ಸಂಜೆ ಕಳೆದು ಒಂದು ವಾರವೂ ಆಗಿರಲಿಲ್ಲ. ಊರೆಲ್ಲ ಹೊರಗಿನವನೆಂದು ಬೈದ ಮನುಷ್ಯನ ಬಾಯಿಂದ, ಹೊಗಳಿಕೆಯ ನಡುವೆ, ನನ್ನ ಬಿಡುಗಡೆ ಬಂತು. ಖುಷಿಯಾಗಲಿಲ್ಲ.

ಮನೆಗೆ ಹೋದಾಗ ಅಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಚೀಲ ಕೆಳಗಿಡದೆ ಕೇಳಿದೆ.

"ಅಪ್ಪಾ, ಕ್ಯಾಂಪಿನವರು ಬಂದಿದ್ರು. ಬಕೀಟಿನ್ಯಾಗ ಎರಡು ಮೀನ ಕೊಟ್ಟಿದ್ರಂತಲ್ಲ."

ಪೇಪರನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡರು. ಮರೆತಿರಲಿಲ್ಲ ಎಂದು ಅಷ್ಟರಲ್ಲೇ ತಿಳಿಯಿತು.

"ಏನ ಮಾಡ್ಲಿ ತಂಗಿ, ಒದ್ದಾಡಾಕತ್ತಿದ್ವು. ಕೈಯಾರೆ ಹೆಂಗ ಸಾಯಿಸಲಿ? ಎರಡೇ ಅದಾವ, ಏನಾಗ್ತದ ಅಂತ ಬಿಟ್ಟೆ."

"ಬಿಟ್ಟಿದ್ದು ಯಾಕ ಅಂತ ಕೇಳಂಗಿಲ್ರಿ ನಾ. ನನ್ನ ಕೈಲೆ ಕಾಯಿ ಯಾಕ ಒಡಿಸಿದ್ರಿ?"

ಅಪ್ಪ ಪಾಠ ಹೇಳುವ ದನಿಯಲ್ಲೇ ಹೇಳಿದರು: "ನೀ ಸಣ್ಣಾಕಿ ಇದ್ದಿ. ಸಣ್ಣವರ ತಪ್ಪು ಮಂದಿ ಮರೀತಾರ. ಮಾಸ್ತರನ ತಪ್ಪು ಮರಿಯಂಗಿಲ್ಲ."

"ಆಯಿ ಮರೀಲಿಲ್ಲ" ಎಂದೆ.

ಆಯಿಯ ಹೆಸರು ಬಂದ ಮೇಲಾದರೂ ಒಂದು ಮಾತು ಬರುತ್ತದೆ ಎಂದು ಕಾಯ್ದೆ, ಅಂದು ಬಾವಿಯ ಬಳಿ ಕಾಯ್ದ ಹಾಗೆಯೇ. ತಪ್ಪಾತು ಎಂಬ ಒಂದೇ ಪದ ಸಾಕಿತ್ತು, ಕಾಯಿ ಬೇಡ. ಅಪ್ಪ ಕನ್ನಡಕ ತೆಗೆದರು, ಒರೆಸಿದರು, ಬಾಗಿಲ ಕಡೆ ನೋಡಿದರು.

"ಇದನ್ನ ಯಾರ ಮುಂದರ ಹೇಳೀಯೇನು?" ಎಂದು ಕೇಳಿದರು.

ಇಲ್ಲ ಎಂದೆ. ಅಲ್ಲಿಯತನಕ ಯಾರಿಗೂ ಹೇಳಿರಲಿಲ್ಲ.