ಬಿಸ್ಕತ್ತಿನ ಓವನ್ನಿನಲ್ಲಿ ಇಪ್ಪತ್ತು ಬೋರ್ಡು

ನನ್ನ ಬಲಗೈ ನಡುಗುತ್ತದೆ. ಚಳಿಗಲ್ಲ, ಹೆದರಿಕೆಗಲ್ಲ, ಕುಡಿತಕ್ಕಂತೂ ಅಲ್ಲವೇ ಅಲ್ಲ. ಡಾಕ್ಟರು ಅದಕ್ಕೊಂದು ಉದ್ದನೆಯ ಹೆಸರು ಹೇಳಿ, "ಪ್ರಾಣಕ್ಕೇನೂ ಅಪಾಯ ಇಲ್ಲ, ವಯಸ್ಸಾದ ಮೇಲೆ ಕೆಲವರಿಗೆ ಬರತ್ತೆ" ಎಂದು ಸಮಾಧಾನ ಮಾಡಿದರು. ಪ್ರಾಣದ ಚಿಂತೆ ಯಾರಿಗಿತ್ತು? ಮೂವತ್ತೊಂದು ವರ್ಷ ರೇಡಿಯೋ, ಟಿವಿ ಅಂತ ಏನು ತಂದುಕೊಟ್ಟರೂ ಬೆಸುಗೆ ಹಾಕಿ ಬದುಕಿಸಿದ ಮೆಕ್ಯಾನಿಕ್ ನಾನು. ಕೈ ಹೋದರೆ ನನ್ನಲ್ಲಿ ಉಳಿಯುವುದು ಬಾಯಿ ಒಂದೇ. ಅದು ಮೊದಲೇ ಬೇಕಾದಷ್ಟಿತ್ತು.

ಬೇರೆ ಮೆಕ್ಯಾನಿಕ್ಕುಗಳ ಬೆಸುಗೆ ಕಂಡರೆ ನಾನು ಸುಮ್ಮನಿದ್ದವನೇ ಅಲ್ಲ. "ಇದನ್ನ ಯಾರು ಮಾಡಿದ್ದು, ಗಾರೆ ಕೆಲಸದವರಾ?" ಎಂದು ಗಿರಾಕಿಯ ಎದುರೇ ಕೇಳುತ್ತಿದ್ದೆ. ಅಷ್ಟು ಜಂಬ ಮೆರೆದವನು ಕೈ ನಡುಗುತ್ತದೆ ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ? ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಮನೆಯೊಳಗೆ ನಡುಕ ಮುಚ್ಚಿಡುವುದು ಅಷ್ಟು ಸುಲಭವಲ್ಲ. ಅವಳು ಸೂಜಿಗೆ ದಾರ ಪೋಣಿಸಿಕೊಡಿ ಎಂದರೆ "ನಾನೇನು ಟೈಲರಾ?" ಎನ್ನುತ್ತಿದ್ದೆ. ಮಿಕ್ಸಿ ಕೆಟ್ಟಿದೆ ಎಂದರೆ "ನಾಳೆ ನೋಡೋಣ" ಎನ್ನುತ್ತಿದ್ದೆ. ಹಿಡಿದರೆ ಪಟಪಟ ಅನ್ನುತ್ತದೆಂದು ಪೇಪರನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಬಗ್ಗಿ ಓದುತ್ತಿದ್ದೆ. ಒಂದೆರಡು ತಿಂಗಳಲ್ಲೇ ಅವಳು ನನಗೆ ಸೋಮಾರಿ ಎಂಬ ಬಿರುದು ಕೊಟ್ಟಳು. ಆಮೇಲೆ ಶುದ್ಧ ಸೋಮಾರಿ, ಆಮೇಲೆ ಕುಂಭಕರ್ಣ. ನಾನು ಅವನ್ನೆಲ್ಲ ಸಂತೋಷದಿಂದಲೇ ಸ್ವೀಕರಿಸಿದೆ. ಸೋಮಾರಿ ಮನಸ್ಸು ಮಾಡಿದರೆ ನಾಳೆ ಎದ್ದು ಕೆಲಸ ಮಾಡಬಲ್ಲ ಎಂದು ಜನ ನಂಬುತ್ತಾರಲ್ಲ, ನನಗೆ ಅಷ್ಟು ಸಾಕಿತ್ತು.

ಹೀಗೆ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದಾಗ ಹಾರ್ಡ್‌ವೇರ್ ಅಂಗಡಿಯ ಗೆಳೆಯ ಬಂದ. ನೀರಿನ ಟ್ಯಾಂಕ್ ತುಂಬಿದ ಕೂಡಲೇ ಕೂಗಿ ಹೇಳುವ ಒಂದು ಪುಟ್ಟ ಪೆಟ್ಟಿಗೆಯನ್ನು ನಾನು ಹಿಂದೆ ಅವನ ಅಂಗಡಿಗೆ ಮಾಡಿಕೊಡುತ್ತಿದ್ದೆ. "ಇಪ್ಪತ್ತು ಬೇಕು ಮಾರಾಯ, ಜನ ಕೇಳ್ತಾ ಇದ್ದಾರೆ. ಆಗತ್ತೋ, ಇಲ್ಲ ಬೇರೆಯವರನ್ನ ನೋಡ್ಲೋ?" ಎಂದ.

ಬೇರೆಯವರು! ಆ ಒಂದು ಮಾತಿಗೆ ನನ್ನ ಬಾಯಿ ನನ್ನನ್ನು ಕೇಳದೆಯೇ ಉತ್ತರ ಕೊಟ್ಟಿತು. "ಹದಿನೈದು ದಿನ ಬಿಟ್ಟು ಬಾ."

ಬಿಡಿ ಭಾಗಗಳನ್ನು ತರಿಸಿ ನೋಡಿದರೆ ಎದೆ ಧಸಕ್ಕೆಂದಿತು. ಹಳೇ ಕಾಲದ ಉದ್ದ ಕಾಲಿನವು ಈಗ ಸಿಗುವುದೇ ಇಲ್ಲವಂತೆ. ಬಂದವೆಲ್ಲ ಎಳ್ಳುಕಾಳಿನಷ್ಟು ಸಣ್ಣವು. ಬೆಸುಗೆ ಕಡ್ಡಿ ಹಿಡಿದು ಮೊದಲ ಐಸಿ ಚಿಪ್ಪಿಗೆ ಕೈ ಹಾಕಿದೆ. ಅದರ ಎಂಟು ಕಾಲುಗಳಲ್ಲಿ ಮೂರು ಒಂದೇ ಉಂಡೆಯೊಳಗೆ ಹೂತುಹೋದವು. ನೋಡಿದರೆ ಪಕ್ಕಾ ಗಾರೆ ಕೆಲಸ.

ಆಗಲೇ ಫೋನಿನಲ್ಲಿ ಒಂದು ವಿಡಿಯೋ ಕಂಡಿದ್ದು. ಒಬ್ಬಳು ಹುಡುಗಿ ತೂತು ತೂತಿನ ತಗಡಿನ ಹಾಳೆಯೊಂದನ್ನು ಸರ್ಕ್ಯೂಟ್ ಬೋರ್ಡಿನ ಮೇಲಿಟ್ಟು, ಬೂದು ಬಣ್ಣದ ಬೆಸುಗೆ ಪೇಸ್ಟನ್ನು ಸವರಿದಳು. ಹಾಳೆ ಎತ್ತಿದರೆ ಬೇಕಾದ ಕಡೆ ಮಾತ್ರ ಪೇಸ್ಟು. ಅದರ ಮೇಲೆ ಚಿಮುಟದಿಂದ ಭಾಗಗಳನ್ನು ಕೂರಿಸಿ ಓವನ್ನಿನೊಳಗೆ ಇಟ್ಟಳು. ಶಾಖಕ್ಕೆ ಪೇಸ್ಟು ಕರಗಿ ಬೆಸುಗೆಯಾಯಿತು. ಇಷ್ಟೇ. "ಕಾಲಕ್ಕೆ ತಕ್ಕ ಕೋಲ" ಎಂದು ನನಗೆ ನಾನೇ ಹೇಳಿಕೊಂಡೆ. ಅಂಥದೇ ಹಾಳೆಯನ್ನೂ ಪೇಸ್ಟಿನ ಡಬ್ಬಿಯನ್ನೂ ತರಿಸಿ, ಪೇಸ್ಟನ್ನು ತಣ್ಣಗಿಡಬೇಕು ಎಂದಿದ್ದರಿಂದ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇಟ್ಟೆ.

ಹೆಂಡತಿ ಕನ್ನಡಕ ಹಾಕಿಕೊಂಡು ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಓದಿದಳು. ನಾನು ಓದಿರಲಿಲ್ಲ. "ರೀ, ಇದರಲ್ಲಿ ಸೀಸ ಇದೆಯಂತೆ! ತಿನ್ನೋ ಪದಾರ್ಥದ ಹತ್ರ ಇಡಬಾರದಂತೆ. ತಲೆ ನೆಟ್ಟಗಿದ್ಯಾ ನಿಮಗೆ?" ಎಂದು ಡಬ್ಬಿ ತಂದು ನನ್ನ ಮೇಜಿನ ಮೇಲೆ ಕುಕ್ಕಿ, ಬೆಣ್ಣೆಯನ್ನು ಕಸಕ್ಕೆ ಹಾಕಿದಳು.

ಅಂದರೆ ನನಗೆ ಗೊತ್ತಿತ್ತು. ಮುಂದೆ ಮಾಡಿದ್ದನ್ನು ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಹಾಗಿಲ್ಲ.

ಮನೆಯಲ್ಲಿದ್ದದ್ದು ಒಂದೇ ಓವನ್, ಅವಳದು. ಆರು ವರ್ಷದಿಂದ ಅದರಲ್ಲಿ ಬಿಸ್ಕತ್ತು ಬೇಯಿಸಿ ಎರಡು ಅಂಗಡಿಗೂ ಒಂದು ಶಿಶುವಿಹಾರಕ್ಕೂ ಕೊಡುತ್ತಾಳೆ. ಹಿಂದಿನ ಎಡಮೂಲೆಯಲ್ಲಿ ಕಾವು ಜಾಸ್ತಿ, ಬಾಗಿಲು ಸ್ವಲ್ಪ ಸಡಿಲ, ಹೀಗೆ ಅದರ ಜಾತಕವೆಲ್ಲ ಅವಳಿಗೆ ಬಾಯಿಪಾಠ. ಅವಳು ಬೆಳಗ್ಗೆಯೇ ತಂಗಿ ಮನೆಗೆ ಹೋದ ಒಂದು ದಿನ, ಮಧ್ಯಾಹ್ನ ನಾನು ಅಡುಗೆಮನೆಗೆ ನುಗ್ಗಿದೆ. ಒಂದೇ ಒಂದು ಸಲ, ಆಮೇಲೆ ಚೆನ್ನಾಗಿ ಒರೆಸಿಟ್ಟರಾಯಿತು ಅಂದುಕೊಂಡೆ. ಕಳ್ಳರೆಲ್ಲ ಹೀಗೇ ಅಂದುಕೊಳ್ಳುತ್ತಾರೇನೋ.

ಭಾಗಗಳನ್ನು ಕೂರಿಸಲು ಬೆಳಗಿನಿಂದ ಮೂರು ಗಂಟೆ ಹಿಡಿದಿತ್ತು. ಒಂದೂ ನೆಟ್ಟಗೆ ಕೂತಿರಲಿಲ್ಲ. ಇಪ್ಪತ್ತನ್ನೂ ನನ್ನ ಕೆಲಸದ ತಗಡಿನ ತಟ್ಟೆಯಲ್ಲಿ ಜೋಡಿಸಿ ಒಳಗಿಟ್ಟು, ಗಾಜಿಗೆ ಮೂಗು ಒತ್ತಿ ನಿಂತೆ. ಸ್ವಲ್ಪ ಹೊತ್ತಿಗೆ ಬೂದು ಪೇಸ್ಟು ಫಳ್ಳನೆ ಬೆಳ್ಳಿಯಾಯಿತು. ಕರಗಿದ್ದು ಗಟ್ಟಿಯಾಗುವ ತನಕ ಮುಟ್ಟಬಾರದು ಎಂದು ಆ ಹುಡುಗಿ ಎರಡೆರಡು ಸಲ ಹೇಳಿದ್ದಳು. ಆತುರಗಾರನಿಗೆ ಬುದ್ಧಿ ಮಟ್ಟ. ಬಾಗಿಲು ತೆರೆದು ತಟ್ಟೆ ಎಳೆದೆ. ಕೈ ತನ್ನ ಕೆಲಸ ತೋರಿಸಿತು. ಬ್ರೇಕ್ ಹಾಕಿದ ಬಸ್ಸಿನಲ್ಲಿ ನಿಂತ ಜನರ ಹಾಗೆ ಎಲ್ಲ ಭಾಗಗಳೂ ಜಾರಿ ಒಂದರ ಮೇಲೊಂದು ಬಿದ್ದು ಅಲ್ಲೇ ಗಟ್ಟಿಯಾದವು. ಇಪ್ಪತ್ತಕ್ಕೆ ಇಪ್ಪತ್ತೂ ಹಾಳು.

ಕೈಯೇ ಬೇಡದ ಕೆಲಸವೆಂದು ಹುಡುಕಿ ಹಿಡಿದಿದ್ದನ್ನೂ ನಾನು ಕೈಯಿಂದಲೇ ಕೆಡಿಸಿದ್ದೆ. ಇಂಗು ತಿಂದ ಮಂಗನಂತೆ ನೆಲದ ಮೇಲೆ ಕೂತುಬಿಟ್ಟೆ.

ಸಂಜೆ ಬಂದವಳೇ ಮೂಗರಳಿಸಿದಳು. "ಏನ್ರೀ ಇದು ವಾಸನೆ?"

"ವೈರು ಸುಟ್ಟಿತ್ತು" ಎಂದೆ. ಅಷ್ಟು ಹೊತ್ತಿಗೆ ಓವನ್ನನ್ನು ಮೂರು ಸಲ ಒರೆಸಿಟ್ಟಿದ್ದೆ. ಅವಳು ಕೈಕಾಲು ತೊಳೆದುಕೊಂಡು ಹಿಟ್ಟು ಕಲಸಿದಳು, ಲಟ್ಟಿಸಿದಳು, ಗುಂಡಗೆ ಕತ್ತರಿಸಿ ತಟ್ಟೆ ತುಂಬಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದೆ. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಬಾಯಿ ಬಿಟ್ಟರೆ ಓವನ್ನಿನ ಜೊತೆಗೆ ಕೈಯ ಸುದ್ದಿಯೂ ಹೊರಗೆ ಬರುತ್ತದೆ.

"ಇದು ಯಾರಿಗೆ?" ಎಂದು ಕೇಳಿದೆ.

"ಶಿಶುವಿಹಾರಕ್ಕೆ. ನಾಳೆ ಬೆಳಗ್ಗೆ ಕೊಡಬೇಕು."

"ಅದರಲ್ಲಿ ಇಡಬೇಡ."

"ಯಾಕೆ?"

"ಬೋರ್ಡು ಬೇಯಿಸಿದೆ. ಆ ಪೇಸ್ಟು ಹಾಕಿ. ಇನ್ಮೇಲೆ ಅದರಲ್ಲಿ ತಿನ್ನೋದು ಏನೂ ಮಾಡೋ ಹಾಗಿಲ್ಲ."

ಅವಳು ತಟ್ಟೆಯನ್ನು ಕೆಳಗಿಟ್ಟಳು. "ಬೆಸುಗೆ ಕಡ್ಡಿ ಇಲ್ವಾ ನಿಮ್ಮ ಹತ್ರ? ಮೂವತ್ತು ವರ್ಷದಿಂದ ಅದರಲ್ಲೇ ಮಾಡ್ತಿರಲಿಲ್ವಾ? ನನ್ನ ಓವನ್ನೇ ಬೇಕಾಗಿತ್ತಾ?"

ನಾನು ಕೈಯನ್ನು ಅವಳ ಮುಂದೆ ಚಾಚಿದೆ. ಹೇಳುವ ಧೈರ್ಯ ಆಗಲೂ ಇರಲಿಲ್ಲ, ಅದೇ ಹೇಳಿತು.

ಅವಳು ಕನ್ನಡಕ ಹಾಕಿಕೊಂಡು ಅದನ್ನು ನೋಡಿದಳು. "ಎಷ್ಟು ದಿನದಿಂದ?"

"ಹತ್ತು ತಿಂಗಳು."

"ಹತ್ತು ತಿಂಗಳು ನಾನು ಸೋಮಾರಿ ಅಂತ ಬೈದೆ. ಬೈಸ್ಕೊಂಡು ಸುಮ್ಮನಿದ್ರಾ?" ಅವಳ ಕಣ್ಣಲ್ಲಿ ನೀರು ಬಂತು. "ನನ್ನನ್ನ ಅಷ್ಟು ಕೆಟ್ಟವಳನ್ನ ಮಾಡಿಬಿಟ್ರಲ್ಲ!"

ನನ್ನ ನಾಟಕದ ಈ ಮಗ್ಗುಲು ನನಗೆ ಹೊಳೆದೇ ಇರಲಿಲ್ಲ. ನನ್ನ ಮಾನ ಉಳಿಸಿಕೊಳ್ಳಲು ಅವಳ ಬಾಯಿಂದ ದಿನಾ ಬೈಗುಳ ಆಡಿಸಿದ್ದೆ. ನಾಚಿಕೆಯಾಯಿತು, ಈ ಸಲ ನಿಜವಾದ ಕಾರಣಕ್ಕೆ.

ಅವಳು ಹಿಟ್ಟಿನ ತಟ್ಟೆ ಎತ್ತಿಕೊಂಡು ಮೇಲಿನ ಮನೆಯವರ ಓವನ್ನಿಗೆ ಹೋದಳು. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ದಿನ ಬೆಳಗ್ಗೆ ಓವನ್ನನ್ನು ತಾನೇ ಎಳೆದುಕೊಂಡು ಬಂದು, ಕಿಟಕಿ ಪಕ್ಕದ ನನ್ನ ಕೆಲಸದ ಮೇಜಿನ ಮೇಲೆ ಇಟ್ಟಳು. "ಇದು ನಿಮಗಾಯ್ತು. ಅಡುಗೆಮನೆ ಕಡೆ ಮತ್ತೆ ತರಬೇಡಿ. ನನಗೆ ಹೊಸದು ಬೇಕು, ಇದಕ್ಕಿಂತ ದೊಡ್ಡದು."

"ಆಯ್ತು."

"ಈಗ ಹೇಳಿ, ಇದರಲ್ಲಿ ಹೇಗೆ ಬೇಯಿಸಿದ್ರಿ?"

ಹೇಳಿದೆ. ಪೂರ್ತಿ ಕೇಳಿ ಹಣೆ ಹಣೆ ಚಚ್ಚಿಕೊಂಡಳು. "ಮೊದಲು ಹದವಾಗಿ ಕಾಯಿಸ್ಬೇಕು, ಒಂದು ಸಮ ಆದಮೇಲೆ ಜೋರು ಮಾಡ್ಬೇಕು, ಆಮೇಲೆ ಆರಿಸಿ ಹಾಗೇ ಬಿಡ್ಬೇಕು. ಬೇಯ್ತಾ ಇರೋದನ್ನ ಎಳೀತಾರಾ ಯಾರಾದ್ರೂ?" ವಿಡಿಯೋದ ಹುಡುಗಿ ನಕ್ಷೆ ಬರೆದು ವಿವರಿಸಿದ್ದೂ ಇದನ್ನೇ. ನಾನು ನಕ್ಷೆ ಬಂದಾಗ ಮುಂದಕ್ಕೆ ಓಡಿಸಿದ್ದೆ.

ಖಾಲಿ ಬೋರ್ಡುಗಳೂ ಬಿಡಿ ಭಾಗಗಳೂ ಐವತ್ತರ ಕಟ್ಟಿನಲ್ಲೇ ಬಂದಿದ್ದವು, ಅದೊಂದು ಪುಣ್ಯ. ಮತ್ತೆ ಇಪ್ಪತ್ತಕ್ಕೆ ಪೇಸ್ಟು ಸವರಿದೆ. ಚಿಮುಟವನ್ನು ಅವಳ ಕಡೆ ಚಾಚಿ, "ನೀನೇ ಇಡು, ನಿನ್ನ ಕೈ ನೆಟ್ಟಗಿದೆ" ಎಂದೆ.

"ನಾನು ಯಾಕೆ ಇಡ್ಲಿ? ಕೆಲಸ ಒಪ್ಕೊಂಡಿದ್ದು ಯಾರು?" ಎಂದಳು. ಆದರೆ ಎದ್ದು ಹೋಗಲಿಲ್ಲ. ನಾನು ಉಸಿರು ಹಿಡಿದು ಒಂದೊಂದೇ ಇಟ್ಟೆ. ಒಂದು ಹೀಗೆ ವಾಲಿತು, ಇನ್ನೊಂದು ಹಾಗೆ. ಬಿದ್ದುಹೋದವನ್ನು ಅವಳು ಹುಡುಕಿ ಕೊಟ್ಟಳು, ಅಷ್ಟೇ.

ತಟ್ಟೆ ಒಳಗೆ ಹೋಯಿತು. ಕಾವು ಅವಳ ಲೆಕ್ಕದಲ್ಲಿ ಏರಿತು. ನನ್ನ ಎರಡೂ ಕೈಗಳನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಪ್ರೀತಿಗೋ ಬಾಗಿಲು ತೆಗೆಯದಿರಲಿ ಎಂದೋ ನಾನು ಕೇಳಲಿಲ್ಲ. ಪೇಸ್ಟು ಬೆಳ್ಳಿಯಾಯಿತು. ಆಗ ನೋಡಿದೆವು. ನಾನು ಸೊಟ್ಟಗೆ ಇಟ್ಟಿದ್ದ ಚಿಪ್ಪು ಮೆಲ್ಲಗೆ ತಿರುಗಿತು. ಕರಗಿದ ಬೆಸುಗೆ ಅದರ ಎಂಟೂ ಕಾಲುಗಳನ್ನು ಒಟ್ಟಿಗೆ ಎಳೆದು ಅದರದರ ಜಾಗಕ್ಕೆ ಕೂರಿಸಿತು. ಪಕ್ಕದ್ದೂ ತಿರುಗಿತು. ಅದರ ಪಕ್ಕದ್ದೂ.

"ರೀ! ತಾವೇ ನೆಟ್ಟಗಾಗ್ತಾ ಇವೆ!" ಎಂದು ಅವಳು ಕೂಗಿದಳು.

ಬೆಸುಗೆ ಕರಗಿದಾಗ ಹೀಗೆ ಎಳೆದುಕೊಳ್ಳುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ಕಂಡಿರಲಿಲ್ಲ. ಮೂವತ್ತೊಂದು ವರ್ಷ ಎಲ್ಲವನ್ನೂ ನಾನೇ ಒತ್ತಿ ಹಿಡಿದು ಕೂರಿಸುತ್ತಿದ್ದೆನಲ್ಲ. ನಾನು ಅತ್ತುಬಿಟ್ಟೆ.

ಇಪ್ಪತ್ತರಲ್ಲಿ ಹತ್ತೊಂಬತ್ತು ಮೊದಲ ಸಲಕ್ಕೇ ಕೂಗಿದವು. ಉಳಿದ ಒಂದರಲ್ಲಿ ಒಂದು ಭಾಗವನ್ನು ತಲೆಕೆಳಗಾಗಿ ಇಟ್ಟಿದ್ದೆ. ಅದನ್ನೂ ಸರಿಮಾಡಿ ಹಾರ್ಡ್‌ವೇರ್ ಅಂಗಡಿಗೆ ನಾನೇ ಒಯ್ದೆ. ಗೆಳೆಯ ಒಂದು ಪೆಟ್ಟಿಗೆ ಬಿಚ್ಚಿ, ಬೋರ್ಡನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಗೆರೆ ಎಳೆದ ಹಾಗಿದೆಯಲ್ಲೋ. ಫ್ಯಾಕ್ಟರಿಯಲ್ಲಿ ಮಾಡಿಸಿದ್ಯಾ?"

"ಇಲ್ಲ, ಮನೇಲೇ. ಕೈಯಲ್ಲಿ ಜೋಡಿಸಿದ್ದು."

"ಸುಳ್ಳು. ಯಾರ ಕೈ?"

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ನಾನು ಬಲಗೈಯನ್ನು ಅವನ ಗಲ್ಲಾಪೆಟ್ಟಿಗೆಯ ಮೇಲೆ ಚಾಚಿದೆ. ಅದು ಎಲ್ಲರೆದುರೇ ನಡುಗಿತು. ನಡುಗಲಿ ಎಂದು ಬಿಟ್ಟೆ.

"ಈ ಕೈ" ಎಂದೆ.